ಅಕ್ಕನ ಹಾಡಿನಿಂದ ತೆಗೆಸಿದ ಹೆಸರು

ಇಸವಿ ಎರಡು ಸಾವಿರ, ಗಣಪತಿ ಹಬ್ಬ ಮುಗಿದು ಒಂದು ವಾರವಾಗಿತ್ತು. ಖಾನಾಪುರ ತಾಲೂಕಿನ ಹಳ್ಳಿಯಲ್ಲಿದ್ದ ನನ್ನ ಅಕ್ಕ ಮಾಳವ್ವನನ್ನು ಬೆಳಗಾವಿಗೆ ಕರೆತಂದು, ಆಕೆಯ ಬೀಸುವ ಹಾಡುಗಳನ್ನು ಕ್ಯಾಸೆಟ್ ಮಾಡಿಸುವುದೆಂದು ನಿಶ್ಚಯವಾಗಿತ್ತು. ಹಿಂದಿನ ದಿನ ನಾನು ಕಚೇರಿಯ ಡೈರಿಯ ಕೊನೆಯ ಪುಟದಲ್ಲಿ ಏನೇನು ಕೆಡಬಹುದು ಎಂದು ಪಟ್ಟಿ ಮಾಡಿದೆ. ಬಸ್ಸು ಪಂಕ್ಚರ್ ಆಗಬಹುದು. ಆಗದಿದ್ದರೆ ಅಕ್ಕನಿಗೆ ಬಸ್ಸಿನಲ್ಲಿ ವಾಂತಿಯಾಗಬಹುದು. ಗಡಿಯ ಗಲಾಟೆ ಎದ್ದು ಬೆಳಗಾವಿ ಬಂದ್ ಆಗಬಹುದು, ಬಂದ್ ಯಾರದೆಂದು ತಿಳಿಯುವ ಮೊದಲೇ ನಾವು ಕೂತ ಕಡೆಯ ಗಾಜಿಗೆ ಕಲ್ಲು ಬೀಳಬಹುದು. ಕರೆಂಟು ಹೋಗಬಹುದು. ಅಕ್ಕನ ಗಂಟಲು ಕಟ್ಟಬಹುದು. ಮೈಕು ನೋಡಿ ಆಕೆ ಸೆರಗು ಮುಚ್ಚಿಕೊಂಡು ಕೂತುಬಿಡಬಹುದು. ಬೀಸುವ ಕಲ್ಲು ಸ್ಟುಡಿಯೋದ ಮೆಟ್ಟಿಲಿನಿಂದ ಉರುಳಿ ಕೆಳಗಿನ ಪಾತ್ರೆ ಅಂಗಡಿಯವನ ಕಾಲ ಮೇಲೆ ಬೀಳಬಹುದು. ಟೇಪು ಸಿಕ್ಕಿಕೊಳ್ಳಬಹುದು. ಎಲ್ಲ ಸರಿಹೋಗಿ ಕ್ಯಾಸೆಟ್ ಬಂದ ಮೇಲೆ ಯಾರೂ ಅದನ್ನು ಕೇಳದೆ ಇರಬಹುದು. ಇಲ್ಲವೇ ಎಲ್ಲರೂ ಕೇಳಬಹುದು. ಈ ಕೊನೆಯದರ ಕೆಳಗೆ ಎರಡು ಗೆರೆ ಎಳೆದಿದ್ದೆ.

ಒಟ್ಟು ಇಪ್ಪತ್ತೇಳಾಯಿತು. ನನ್ನ ಹೆಂಡತಿ ಪಟ್ಟಿಯನ್ನು ಪೂರ್ತಿ ಓದಿ, "ಭೂಕಂಪ ಬಿಟ್ಟೀರಿ ನೋಡ್ರಿ" ಅಂದಳು. ಆಕೆ ಚೇಷ್ಟೆಗೆ ಅಂದದ್ದು. ನಾನು ಇಪ್ಪತ್ತೆಂಟನೆಯದಾಗಿ ಅದನ್ನೂ ಬರೆದುಕೊಂಡೆ.

ನನ್ನ ಜಾತಕವೇ ಹೀಗೆ. ಆಗ ನನಗೆ ನಲವತ್ತು. ಸರಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್, ಮಹಾಂತೇಶ ನಗರದಲ್ಲಿ ಮನೆ. ಕಚೇರಿಯಲ್ಲಿ ಎಲ್ಲರೂ ನನ್ನನ್ನು ಕೆ. ಬಿ. ಸಾಹೇಬ್ರು ಎನ್ನುತ್ತಿದ್ದರು. ಕೆ. ಎಂದರೆ ಕರಿಯಪ್ಪ ಎಂಬುದು, ನಾನು ಎಂಟು ವರ್ಷದವನಾಗುವವರೆಗೆ ಕುರಿ ಕಾಯ್ದವನು ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಮುಚ್ಚಿಟ್ಟಿದ್ದೆನೆಂದಲ್ಲ, ಯಾರೂ ಕೇಳಿರಲಿಲ್ಲ. ಕೇಳದಂತೆ ನೋಡಿಕೊಂಡಿದ್ದೆ ಎಂದರೆ ಹೆಚ್ಚು ಸರಿ.

ಇನ್ನು ಕ್ಯಾಸೆಟ್ ಮಾಡುವ ಮಾಸ್ತರರ ವಿಷಯ. ಟಿಳಕವಾಡಿಯ ರೈಲ್ವೆ ಗೇಟಿನ ಬಾಜುವಿನಲ್ಲಿ, ಪಾತ್ರೆ ಅಂಗಡಿಯ ಮಾಳಿಗೆಯ ಮೇಲೆ ಶರಣಪ್ಪ ಮಾಸ್ತರರ ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ಆ ಕಾಲಕ್ಕೆ ನಮ್ಮ ಕಡೆ ಕ್ಯಾಸೆಟ್ ಅಂಗಡಿಗೆ ಹೋಗಿ ಯಾವುದನ್ನು ಕೈಗೆತ್ತಿಕೊಂಡರೂ ಹಿಂದೆ ಅವರ ಹೆಸರು ಇರುತ್ತಿತ್ತು. ಭಜನೆ, ತತ್ವಪದ, ಡೊಳ್ಳಿನ ಹಾಡು, ಸೋಬಾನೆ, ಅತ್ತೆ ಸೊಸೆ ಜಗಳದ ಹಾಸ್ಯ ನಾಟಕ, ಮರಾಠಿ ಅಭಂಗ, ಗೋವಾ ಕಡೆಗೆ ಹೋಗುವ ಕೊಂಕಣಿ ಹಾಡು, ಎಲ್ಲ ಅವರವೇ. ಮರಾಠಿ ಕ್ಯಾಸೆಟ್ ಮೇಲೆ ಮಾತ್ರ ಅವರು ಶರದಬುವಾ ಆಗುತ್ತಿದ್ದರು. ರಾಗ ಹಾಕುವವರು ಅವರು, ಹಾರ್ಮೋನಿಯಂ ನುಡಿಸುವವರು ಅವರು, ತಬಲಾದವನು ಬಾರದಿದ್ದರೆ ತಬಲಾ ಅವರದು. ಹಾಸ್ಯ ನಾಟಕದಲ್ಲಿ ಅತ್ತೆಯ ದನಿಯೂ ಅವರದೇ ಎಂದು ಗೊತ್ತಾದ ದಿನ ನಮ್ಮ ಕಚೇರಿಯ ಕ್ಯಾಂಟೀನಿನವನು ಅರ್ಧ ತಾಸು ನಂಬಿರಲಿಲ್ಲ. ಚುನಾವಣೆ ಬಂದರೆ ಬೆಳಿಗ್ಗೆ ಒಬ್ಬ ಅಭ್ಯರ್ಥಿಯ ಪ್ರಚಾರದ ಹಾಡು, ಮಧ್ಯಾಹ್ನ ಅವನ ಎದುರಾಳಿಯದು. ಇಬ್ಬರೂ ಖುಷಿ.

"ಮಾಸ್ತರ್ ಕೈಯಾಗ ಕೊಟ್ರ ನಾಯಿ ಬೊಗಳಿದ್ದನ್ನೂ ಭಜನಿ ಮಾಡ್ತಾರ" ಎಂದು ಜನ ಹೊಗಳುತ್ತಿದ್ದರು. ಅದೇ ಜನ ಬೆನ್ನ ಹಿಂದೆ, "ಎಲ್ಲಾರದೂ ಮಾಡ್ತಾನ, ತನ್ನದಂತ ಒಂದಿಲ್ಲ" ಎಂದೂ ಅನ್ನುತ್ತಿದ್ದರು. ಎರಡೂ ಅವರ ಕಿವಿಗೆ ಬಿದ್ದಿದ್ದವು. ಅಷ್ಟು ಸೂಕ್ಷ್ಮ ಕಿವಿಗೆ ಬೀಳದೆ ಇರುತ್ತದೆಯೇ?

ನಮ್ಮ ಬಂಧುಗಳ ಮದುವೆಯೊಂದಕ್ಕೆ ಡೊಳ್ಳಿನ ಮೇಳವನ್ನು ರೆಕಾರ್ಡ್ ಮಾಡಲು ಬಂದಿದ್ದ ಅವರು, ಹಿತ್ತಲಲ್ಲಿ ಅಕ್ಕ ಅರಿಶಿನ ಬೀಸುತ್ತ ಹಾಡುವುದನ್ನು ಕೇಳಿದರು. ಡೊಳ್ಳಿನವರನ್ನು ಅಲ್ಲಿಯೇ ಬಿಟ್ಟು ಬಂದು ಹಿತ್ತಲ ಬಾಗಿಲಿಗೆ ಒರಗಿ ನಿಂತರು. ಹಾಡು ಮುಗಿದ ಮೇಲೆ ನನ್ನನ್ನು ಬದಿಗೆ ಕರೆದರು.

"ನೋಡ್ರಿ ಸಾಹೇಬ್ರ, ನಲವತ್ತು ನಮೂನಿ ಕ್ಯಾಸೆಟ್ ಮಾಡೀನಿ. ನಾಳೆ ನಾ ಸತ್ರ ಒಂದೂ ಉಳಿಯೂದಿಲ್ಲ. ಈ ಬೀಸೂ ಹಾಡು ಊರೂರಿಗೆ ಹೋಗಿ ಆರು ಭಾಗ ಮಾಡಬೇಕಂತೀನಿ. ಊರಿಗೊಂದು ಗಿರಣಿ ಬಂತು, ಕಲ್ಲು ಮೂಲಿಗೆ ಹೋತು. ಈ ಹೆಣ್ಣುಮಕ್ಕಳ ಕೂಡ ಹಾಡೂ ಹೋಗತೈತಿ. ಮೊದಲನೇ ಭಾಗ ನಿಮ್ಮ ಅಕ್ಕಾರದು. ಒಪ್ಪಿಸಿ ಕೊಡ್ರಿ."

ಅಕ್ಕನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ತಮ್ಮ ಹೇಳಿದ ಮ್ಯಾಲೆ ಆತು" ಎಂದಳು. ನಮ್ಮ ಅವ್ವ ಬೇಗ ಹೋದವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. "ಕರಿಯಾ ಸಾಲಿಗೆ ಹೋಗ್ಲಿ, ಕುರಿ ನಾ ಕಾಯತೀನಿ" ಎಂದು ನನ್ನ ಕೈಯಿಂದ ಕೋಲು ಕಿತ್ತುಕೊಂಡವಳೂ ಅವಳೇ.

ಆ ದಿನ ಬಸ್ಸು ಪಂಕ್ಚರ್ ಆಗಲಿಲ್ಲ. ಅಕ್ಕ ಕಿಟಕಿಯ ಬಳಿ ಕೂತು ಖಾನಾಪುರದಿಂದ ಬೆಳಗಾವಿಯವರೆಗೆ ಕಡಲೆ ತಿಂದಳು. ವಾಂತಿಯಾದಂತೆ ಅನಿಸಿದ್ದು ನನಗೆ.

ಸ್ಟುಡಿಯೋದಲ್ಲಿ ಮಾಸ್ತರರು ಮೊದಲೇ ಒಂದು ಬೀಸುವ ಕಲ್ಲು ತಂದಿಟ್ಟಿದ್ದರು. ಕಲ್ಲಿಲ್ಲದೆ ಅಕ್ಕನಿಗೆ ಹಾಡು ಬರುವುದಿಲ್ಲ ಎಂದು ನಾನು ಹೇಳಬೇಕೆಂದಿದ್ದೆ, ಅವರಿಗೆ ಗೊತ್ತಿತ್ತು. ಕಲ್ಲಿನ ಕೆಳಗೆ ನಾಲ್ಕು ಮಡಿಕೆಯ ಕೌದಿ ಹಾಸಿದ್ದರು. ಅಕ್ಕ ಒಂದು ಹಿಡಿ ಜೋಳ ಹಾಕಿ ನಾಲ್ಕು ಸುತ್ತು ತಿರುಗಿಸಿದಳು. ಮಾಸ್ತರರು ಹಾರ್ಮೋನಿಯಂನ ಒಂದು ಮನೆ ಒತ್ತಿ ನೋಡಿದರು.

"ಅವ್ವಾ, ಇನ್ನ ಎರಡ ಹಿಡಿ ಹಾಕ್ರಿ. ಕಲ್ಲಿನ ಶ್ರುತಿ ಭಾಳ ಮ್ಯಾಲ ಐತಿ."

ಅಕ್ಕ ಅವರನ್ನು ದಿಟ್ಟಿಸಿದಳು. "ಹೌದ್ರಿ? ನಾನೂ ಅದನ್ನ ಅನ್ನಾಕತ್ತಿದ್ದೆ. ಖಾಲಿ ಕಲ್ಲು ಕಿರಚತೈತಿ. ನಿಮಗ ಬೀಸಾಕ ಬರತೈತೇನ್ರಿ ಮತ್ತ?"

"ನಮ್ಮವ್ವ ಬೀಸುವಾಗ ಆಕೀ ತೊಡೀ ಮ್ಯಾಲೆ ಮಲಗಿ ಬೆಳದಾಂವ ನಾ" ಎಂದರು ಮಾಸ್ತರರು. ಅಲ್ಲಿಗೆ ಅಕ್ಕನ ಹೆದರಿಕೆ ಹೋಯಿತು. ಅವರು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದು, ಯಂತ್ರದ ಮುಂದಿನ ಕುರ್ಚಿ ಬಿಟ್ಟು, ಅಕ್ಕನ ಎದುರಿಗೆ ನೆಲದ ಮೇಲೆ ಬರಿಗಾಲಲ್ಲಿ ಕೂತರು. ಗವಾಯಿಗಳು ಬಂದಾಗಲೂ ಅವರು ಹಾಗೆ ಕೂರುವುದಿಲ್ಲ ಎಂದು ಬದಿಗೆ ಕೂತಿದ್ದ ತಬಲಾದವನು ನನ್ನ ಕಿವಿಯಲ್ಲಿ ಹೇಳಿದ.

ಅಕ್ಕ ಮೂರು ತಾಸು ಹಾಡಿದಳು. ಲೋಂಡಾ ಕಡೆಯ ರೈಲುಗಾಡಿಗಳು ಹೋಗುವ ಹೊತ್ತು ಮಾಸ್ತರರಿಗೆ ಬಾಯಿಪಾಠ. ಎರಡು ನಿಮಿಷ ಮುಂಚೆ ಕೈಯೆತ್ತಿ ನಿಲ್ಲಿಸುತ್ತಿದ್ದರು, ಗಾಡಿ ಹೋಗುತ್ತಿತ್ತು, ಮತ್ತೆ ಶುರು. ಕರೆಂಟು ಹೋಗಲಿಲ್ಲ. ಭೂಮಿಯೂ ಅಲುಗಲಿಲ್ಲ.

ಬೀಸುವ ಹಾಡಿಗೆ ಒಂದು ಪದ್ಧತಿಯಿದೆ. ತವರು, ಬಳಗ, ದೇವರು ಎಂದು ಎಷ್ಟೇ ಹಾಡಿದರೂ, ಕಲ್ಲು ನಿಲ್ಲಿಸುವ ಮುಂಚೆ ಒಡಹುಟ್ಟಿದವನ ಹೆಸರು ಹೇಳಿ ಹರಸಬೇಕು. ಹೆಸರು ಬಂದರೇ ಹಾಡು ಮುಗಿದಂತೆ. ಹಾಡಿನಲ್ಲಿ ಹೆಸರಿದ್ದಷ್ಟು ದಿನ ಅವನಿಗೆ ಆಯುಷ್ಯ ಎಂದು ನಮ್ಮ ಕಡೆಯ ಹೆಣ್ಣುಮಕ್ಕಳ ನಂಬಿಕೆ. ಅಕ್ಕ ಕೊನೆಗೆ ನನ್ನ ಕಡೆ ತಿರುಗಿ, ನಗುತ್ತ ಹಾಡಿದಳು:

ಹರದ ಚಡ್ಡಿಯ ತೊಟ್ಟು ಕುರಿಯ ಹಿಂಡಿನ ಹಿಂದ
ಸುರಿಯೊ ಮೂಗೊರೆಸಿ ಬರುವವನು, ನನ ತಮ್ಮ
ಕರಿಯಪ್ಪ ಬಂದರ ಮನಿ ಬೆಳಕ

ತಬಲಾದವನು ಕಿಸಕ್ಕನೆ ನಕ್ಕ. ಮಾಸ್ತರರು ಕಣ್ಣೊರೆಸಿಕೊಂಡರು. ನನಗೆ ಕಂಡದ್ದು ತಬಲಾದವನು ಒಬ್ಬನೇ.

ಆ ರಾತ್ರಿ ಮಲಗಿದರೆ ನಮ್ಮ ಕಚೇರಿಯ ಕ್ಯಾಂಟೀನು ಕಣ್ಣ ಮುಂದೆ. ಅಲ್ಲಿ ದಿನವಿಡೀ ಟೇಪ್ ರಿಕಾರ್ಡರ್ ಹಾಡುತ್ತಿತ್ತು, ಮಾಸ್ತರರ ಹೊಸ ಕ್ಯಾಸೆಟ್ ಮೊದಲು ಬರುವುದೇ ಅಲ್ಲಿಗೆ. ಸಾಹೇಬರಿಂದ ಹಿಡಿದು ಜವಾನನವರೆಗೆ ಎಲ್ಲರೂ ಚಹಾ ಕುಡಿಯುತ್ತ, ಕೆ. ಬಿ. ಸಾಹೇಬ್ರ ಹರಿದ ಚಡ್ಡಿ, ಸುರಿಯುವ ಮೂಗು ಕೇಳುತ್ತಿರುವ ಹಾಗೆ ಕಂಡಿತು. ಎರಡು ಗೆರೆ ಎಳೆದಿದ್ದೆನಲ್ಲ, ಅದು. ಅಕ್ಕನನ್ನು ಮರುದಿನ ಊರಿಗೆ ಬಿಟ್ಟುಬಂದವನು ನೇರವಾಗಿ ಸ್ಟುಡಿಯೋಕ್ಕೆ ಹೋದೆ.

"ಮಾಸ್ತರ್, ಒಂದು ಸಣ್ಣ ಕೆಲಸ ಇತ್ತು."

"ಸಣ್ಣ ಕೆಲಸಕ್ಕ ಯಾರೂ ಇಷ್ಟು ಮೆಟ್ಲ ಹತ್ತಿ ಬರೂದಿಲ್ಲ. ಕುಂದರ್ರಿ, ಹೇಳ್ರಿ."

"ಆ ಕಡೀ ನುಡಿ... ನನ್ನ ಹೆಸರು ಬರತೈತಲ್ಲ. ಅದನ್ನ ತಗದ್ರ ಹೆಂಗ?"

"ಯಾಕ?"

"ಆಫೀಸಿನ್ಯಾಗ ಮಂದಿ ನಗತಾರ್ರಿ."

"ಯಾಕ ನಗತಾರ? ಅವರಿಗೆ ಮೂಗಿಲ್ಲೇನು?"

"ಹಂಗಲ್ರಿ. ಕುರಿ, ಚಡ್ಡಿ ಅಂತೆಲ್ಲಾ... ನಂದೂ ಒಂದು ಪೊಜಿಷನ್ ಇರತೈತಲ್ರಿ."

ಮಾಸ್ತರರು ಯಂತ್ರ ಆರಿಸಿ ನನ್ನ ಕಡೆ ತಿರುಗಿದರು. "ತಮ್ಮನ ಹೆಸರಿಲ್ಲಂದ್ರ ಆ ಹಾಡು ಮುಗಿಯೂದಿಲ್ಲ. ನಿಮಗ ಗೊತ್ತಿಲ್ಲದ್ದೇನಲ್ಲ. ಅಕ್ಕಾರನ್ನ ಕೇಳೀರೇನು?"

ಇಲ್ಲಿ ನಾನು ಒಂದು ಉಸಿರು ತೆಗೆದುಕೊಂಡೆ. "ಆಕೀನೂ ಒಪ್ಪ್ಯಾಳ್ರಿ" ಎಂದೆ.

"ಆಕೀ ಒಪ್ಪ್ಯಾಳಂದ್ರ ನಂದೇನೈತಿ" ಎಂದರು ಅವರು. "ಆದರ ಒಂದು ಮಾತು ಸಾಹೇಬ್ರ. ಹೇಳಿದವರು ಯಾರರ ಇರ್ಲಿ, ಬ್ಲೇಡ್ ಹಿಡದ ಕೈ ನಂದು. ಕೆಟ್ರ ಹೆಸರು ನನ್ನದ ಕೆಡತೈತಿ."

ಅವರಲ್ಲಿ ಕಂಪ್ಯೂಟರ್ ಇರಲಿಲ್ಲ. ದೊಡ್ಡ ಚಕ್ರದ ಟೇಪು. ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ, ಕಲ್ಲು ಒಂದು ಸುತ್ತು ಮುಗಿಸಿ ಇನ್ನೊಂದಕ್ಕೆ ಹೊರಳುವ ಜಾಗ ಹುಡುಕಿದರು. ಎರಡು ಕಡೆ ಓರೆಯಾಗಿ ಕತ್ತರಿಸಿದರು, ತುದಿಗೆ ತುದಿ ತಾಗಿಸಿ ಸಣ್ಣ ಪಟ್ಟಿ ಅಂಟಿಸಿದರು. ಹಚ್ಚಿ ಕೇಳಿಸಿದರು. ಹಾಡು ಹರಿದುಕೊಂಡು ಹೋಯಿತು, ಕಲ್ಲು ಗರಗರ ಎನ್ನುತ್ತಲೇ ಇತ್ತು. ಎಲ್ಲಿ ಕತ್ತರಿಸಿದರೆಂದು ಎದುರಿಗೇ ಕೂತಿದ್ದ ನನಗೂ ತಿಳಿಯಲಿಲ್ಲ. ಕೈಚಳಕ ಎಂದರೆ ಅದು.

ಕತ್ತರಿಸಿದ ತುಂಡು ಹತ್ತು ಅಡಿ ಇದ್ದೀತು. ಬೆರಳಿಗೆ ಸುತ್ತಿ, ಲಕೋಟೆಗೆ ಹಾಕಿ ನನ್ನ ಕೈಗಿತ್ತರು. "ಇಕೋರಿ ನಿಮ್ಮ ಹೆಸರು. ನಾ ಒಗ್ಯಾಂವಲ್ಲ."

ನಾನೂ ಬಿಸಾಡಲಿಲ್ಲ. ಬೆಳಗಾವಿಯಲ್ಲಿ ಒಗೆದರೆ ಯಾರಾದರೂ ಆರಿಸಿಕೊಂಡು ಯಂತ್ರಕ್ಕೆ ಹಚ್ಚಿ ಕೇಳಿಬಿಟ್ಟರೆ? ನಗಬೇಡಿ, ಹಾಗೆಯೇ ಯೋಚಿಸಿದೆ. ಮೂರು ವಾರ ಲಕೋಟೆ ನನ್ನ ಚೀಲದ ತಳದಲ್ಲಿತ್ತು.

ದಸರೆಯ ಹೊತ್ತಿಗೆ ಕ್ಯಾಸೆಟ್ ಬಂತು. ಮುಖಪುಟದ ಮೇಲೆ ಬೀಸುವ ಕಲ್ಲಿನ ಚಿತ್ರ, ದಪ್ಪ ಅಕ್ಷರದಲ್ಲಿ ಅಕ್ಕನ ಹೆಸರು, ಕೆಳಗೆ "ಭಾಗ ಒಂದು". ಹತ್ತು ಕ್ಯಾಸೆಟ್ ತೆಗೆದುಕೊಂಡು ಅಕ್ಕನ ಊರಿಗೆ ಹೋದೆ. ನಾನು ಚೀಲ ಬಿಚ್ಚುತ್ತಿದ್ದಾಗ ಲಕೋಟೆ ಕೆಳಗೆ ಬಿತ್ತು. ಅಕ್ಕನ ಗಂಡ ಎತ್ತಿಕೊಂಡು ಇಣುಕಿದರು.

"ಇದೇನೋ ಕರಿಯಪ್ಪಾ, ಟೇಪು?"

"ವೇಸ್ಟ್ ಐತಿ ಮಾಮಾ. ಒಗದ ಬಿಡ್ರಿ."

"ಒಗಿಯೂದ್ಯಾಕ? ಭತ್ತ ತೆನಿ ಬಿಟ್ಟೈತಿ, ಗುಬ್ಬಿ ಕಾಟ ಹೇಳಬ್ಯಾಡ" ಎಂದು ಕಿಸೆಗೆ ಹಾಕಿಕೊಂಡು ಹೊಲದ ಕಡೆ ನಡೆದರು. ನಮ್ಮಲ್ಲಿ ಕೆಟ್ಟ ಕ್ಯಾಸೆಟ್ಟಿನ ಟೇಪನ್ನು ಗೂಟಕ್ಕೆ ಗೂಟ ಎಳೆದು ಕಟ್ಟುವುದುಂಟು. ಗಾಳಿಗೆ ಮಿನುಗಿ ಗುಂಯ್ ಎಂದರೆ ಗುಬ್ಬಿ ಹತ್ತಿರ ಬರುವುದಿಲ್ಲ.

ಇತ್ತ ಓಣಿಯ ಹೆಂಗಸರೆಲ್ಲ ಅಕ್ಕನ ಪಡಸಾಲೆಯಲ್ಲಿ ಸೇರಿದ್ದರು. ಕ್ಯಾಸೆಟ್ ಹಚ್ಚಿದೆವು. ತನ್ನ ದನಿ ಪೆಟ್ಟಿಗೆಯಿಂದ ಬಂದಾಗ ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. "ಮಾಳವ್ವ, ನೀ ಇಲ್ಲದಿದ್ರೂ ಇನ್ನ ನಮಗ ನಡೀತೈತಿ ನೋಡವ್ವ" ಎಂದು ಯಾರೋ ಚೇಷ್ಟೆ ಮಾಡಿದರು. ಒಂದು ಬದಿ ಮುಗಿದು ಎರಡನೆಯ ಬದಿಯ ಕೊನೆ ಬಂತು. ಅಕ್ಕ ನನ್ನ ಕಡೆ ತಿರುಗಿ, ಆ ನುಡಿಗೆ ಕಾಯುತ್ತ, ಮುಂಚಿತವಾಗಿಯೇ ನಗುತ್ತ ಕೂತಳು.

ಕಲ್ಲು ಗರಗರ ತಿರುಗಿ ನಿಂತಿತು. ನುಡಿ ಬರಲಿಲ್ಲ.

ಅಕ್ಕನ ನಗು ಮುಖದ ಮೇಲೆಯೇ ಉಳಿದಿತ್ತು, ತೆಗೆಯಲು ಮರೆತವಳಂತೆ. "ಮೂರ ಸುತ್ತು ಕಮ್ಮಿ ತಿರುಗೇತಿ ಕಲ್ಲು" ಎಂದಳು. "ಇಲ್ಲಿ ನಿನ್ನ ಹೆಸರಿತ್ತಲ್ಲೋ ಕರಿಯಾ. ಎಲ್ಲಿ ಹೋತು?"

ಎಲ್ಲರೂ ನನ್ನನ್ನು ನೋಡುತ್ತಿದ್ದರು.

"ಜಾಗಾ ಸಾಲಲಿಲ್ಲಕ್ಕಾ" ಎಂದೆ. "ಮಾಸ್ತರ್ ತಗದಾರ."

ಅಷ್ಟೇ ಹೇಳಿದ್ದು. ಬೇಕೆಂದು ಕಟ್ಟಿದ ಮಾತಲ್ಲ, ಕಾಲು ಜಾರಿದಂತೆ ನಾಲಿಗೆಯಿಂದ ಬಂತು. ಅಕ್ಕ, "ಹೌದೇನು? ಇರ್ಲಿ ಬಿಡು, ಅವರಿಗೆ ತಿಳೀತೈತಿ" ಎಂದಳು. ಮೂಲೆಯಲ್ಲಿದ್ದ ಗಂಗವ್ವಜ್ಜಿ ಮಾತ್ರ ಬಿಡಲಿಲ್ಲ. ಟೇಪ್ ರಿಕಾರ್ಡರ್ ಕಡೆ ಬೆರಳು ಮಾಡಿ, "ಜಾಗಾ ಸಾಲಲಿಲ್ಲಂದ್ರ ಇದು ಇನ್ನೂ ಸರ್ರಂತ ಖಾಲಿನ ತಿರಗಾಕತ್ತೈತಲ್ಲ?" ಎಂದಳು. ಹೌದು. ಹಾಡು ಮುಗಿದ ಮೇಲೆ ನಾಲ್ಕು ನಿಮಿಷ ಬರೀ ಟೇಪು ಉಳಿದಿತ್ತು. ಕೊನೆಗೆ ಅದು ತಾನಾಗಿ ಟಕ್ಕೆಂದು ನಿಂತಿತು.

ಸಂಜೆ ಬಸ್ಸಿಗೆಂದು ಹೊಲದ ಬದುವಿನ ಮೇಲೆ ಬರುವಾಗ ಭತ್ತದ ಮೇಲೆ ಟೇಪು ಗುಂಯ್‌ಗುಡುತ್ತಿತ್ತು. ನನ್ನ ಹೆಸರು ಗುಬ್ಬಿ ಓಡಿಸುವ ಕೆಲಸಕ್ಕೆ ಸೇರಿತ್ತು. ನಿಂತು ಬಿಚ್ಚಿಕೊಂಡು ಬರಬಹುದಿತ್ತು. ಬಸ್ಸು ತಪ್ಪೀತೆಂದು ನಡೆದುಬಿಟ್ಟೆ.

ಕ್ಯಾಸೆಟ್ ಚೆನ್ನಾಗಿಯೇ ನಡೆಯಿತು. ಕ್ಯಾಂಟೀನಿನಲ್ಲೂ ಹಾಡಿತು. ಯಾರೂ ನಗಲಿಲ್ಲ, ನಮ್ಮ ಸಾಹೇಬರು ಚಹಾದ ಕಪ್ಪು ಹಿಡಿದು ಎದ್ದುಹೋಗದೆ ಕೇಳಿದರು. "ಯಾರ್ರಿ ಈ ಹೆಣ್ಣುಮಗಳು? ನಮ್ಮ ತಾಯಿ ನೆನಪಾದ್ಲು" ಎಂದರು. ನನ್ನ ಅಕ್ಕ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಬಿಸ್ಕೀಟು ಅದ್ದುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಮಾಸ್ತರರು ಎರಡನೆಯ ಭಾಗಕ್ಕೆಂದು, ಟೆಂಪೋದಲ್ಲಿ ಯಂತ್ರ ಹೇರಿಕೊಂಡು ಅಕ್ಕನ ಊರಿಗೇ ಬಂದರು. ಸುತ್ತಲಿನ ಐದಾರು ಊರಿನ ಹಾಡುವ ಹೆಂಗಸರಿಗೆ ಹೇಳಿ ಕಳಿಸಿದ್ದರು. ನನ್ನನ್ನೂ ಕರೆತಂದಿದ್ದರು. ಗುಡಿಯ ಕಟ್ಟೆಯ ಮೇಲೆ ಮೈಕು ಜೋಡಿಸಿದರು, ಚಪ್ಪಲಿ ಬಿಟ್ಟರು, ಕೂತರು. ಹೆಂಗಸರು ಬಂದರು, ಆದರೆ ಕಟ್ಟೆಯ ಮೇಲೆ ಯಾರೂ ಹತ್ತಲಿಲ್ಲ. ದೂರದಲ್ಲಿಯೇ ಗುಂಪಾಗಿ ನಿಂತರು.

"ಬರ್ರಿ ಅವ್ವಾರ, ಯಾಕ ಅಲ್ಲೇ ನಿಂತ್ರಿ?" ಎಂದರು ಮಾಸ್ತರರು.

ಗಂಗವ್ವಜ್ಜಿ ಮುಂದೆ ಬಂದಳು. "ನಾವು ಹಾಡೂದಿಲ್ರಿ ಮಾಸ್ತರ್. ನಮಗೂ ಅಣ್ಣ ತಮ್ಮಂದಿರದಾರ. ನೀವು ಅವರ ಹೆಸರು ಕತ್ತರಿಸಿ ಒಗದ್ರ ಅವರ ಆಯುಷ್ಯ ಕತ್ತರಿಸಿದಂಗ. ನಮ್ಮ ಮಾಳವ್ವನ ಹಾಡಿನ್ಯಾಗ ಜಾಗಾ ಸಾಲಲಿಲ್ಲಂತ ತಮ್ಮನ ಹೆಸರ ತಗದ್ರೆಂತಲ್ಲ. ಪಾಪ, ಆಕಿ ಅವತ್ತಿಂದ ಕಲ್ಲ ಮುಟ್ಟಿಲ್ಲ."

ಅಕ್ಕ ಕಲ್ಲು ಮುಟ್ಟಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಅಕ್ಕ ಹಿಂದೆ ನಿಂತು ನೆಲ ನೋಡುತ್ತಿದ್ದಳು.

ಮಾಸ್ತರರು ಮೊದಲು ಅಕ್ಕನನ್ನು ನೋಡಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. ಆಕೆ ಒಪ್ಪಿರಲಿಲ್ಲ, ಆಕೆಗೆ ಗೊತ್ತೇ ಇರಲಿಲ್ಲ ಎಂಬುದು ಅವರಿಗೆ ತಿಳಿದ ಗಳಿಗೆಯನ್ನು ನಾನು ಅವರ ಮುಖದ ಮೇಲೆ ಕಂಡೆ. ಅವರು ಕಾದರು. ಎಷ್ಟು ಹೊತ್ತೆಂದು ಹೇಳಲಾರೆ, ಒಂದು ಮಾತು ಆಡುವಷ್ಟು ಹೊತ್ತು ಧಾರಾಳವಾಗಿ ಇತ್ತು. ನನ್ನ ತಲೆಯಲ್ಲಿ ಓಡಿದ್ದು ಮತ್ತೆ ಪಟ್ಟಿಯೇ. ಹೇಳಿದರೆ ಅಕ್ಕ ಏನು ತಿಳಿದುಕೊಂಡಾಳು, ಮಾಮಾ ಏನು ಅಂದಾರು, ಊರಲ್ಲಿ ಮುಖ ಎತ್ತುವುದು ಹೇಗೆ. ನಾನು ನನ್ನ ಬೂಟಿನ ಲಾಡಿ ನೋಡುತ್ತ ನಿಂತೆ.

"ಹೌದು ಬೇ" ಎಂದರು ಮಾಸ್ತರರು. "ಬ್ಲೇಡ್ ಹಿಡದ ಕೈ ನಂದ."

ಅಕ್ಕನ ಮುಂದೆ ಹೋಗಿ ಕೈ ಮುಗಿದು, "ತಪ್ಪಾತವ್ವಾ" ಎಂದರು. ತಂತಿಗಳನ್ನು ತಾವೇ ಸುತ್ತಿದರು. ಟೆಂಪೋದಲ್ಲಿ ಬೆಳಗಾವಿಯವರೆಗೆ ನಾನು ಅವರ ಬಾಜುವಿನಲ್ಲೇ ಕೂತು ಬಂದೆ. ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಇಳಿಯುವಾಗ, "ಹುಷಾರಿಲೆ ಹೋಗ್ರಿ ಸಾಹೇಬ್ರ" ಎಂದಷ್ಟೇ ಅಂದರು.

ಎರಡನೆಯ ಭಾಗ ಬರಲಿಲ್ಲ. ಹೆಸರು ತಿನ್ನುವ ಮಾಸ್ತರ ಎಂಬ ಮಾತು ಊರಿಂದ ಊರಿಗೆ ಹೋಯಿತು. ಅವರು ಹೋದಲ್ಲೆಲ್ಲ ಹೆಂಗಸರು ಬಾಗಿಲ ಹಿಂದೆ ಸರಿದರಂತೆ. ಅವರು ಮತ್ತೆ ಭಜನೆ, ಅತ್ತೆ ಸೊಸೆ ಜಗಳ, ಚುನಾವಣೆಯ ಹಾಡುಗಳಿಗೆ ಮರಳಿದರು. ಎರಡು ಸಲ ಕ್ಷಮೆ ಕೇಳಲೆಂದೇ ಆ ಮೆಟ್ಟಿಲು ಹತ್ತಿದೆ. ಎರಡು ಸಲವೂ ಅವರು ಚಹಾ ತರಿಸಿದರು, ಮಳೆಯ ಮಾತಾಡಿದರು. ನಾನೂ ಮಳೆಯ ಮಾತನ್ನೇ ಆಡಿ, ಕೊಡೆ ಮರೆತು ಬಂದೆ. ಕೊಡೆ ತರುವ ನೆಪದಲ್ಲಿ ಮೂರನೆಯ ಸಲ ಹೋಗಬಹುದಿತ್ತು. ಅದನ್ನೂ ಮಾಡಲಿಲ್ಲ.

ಆಮೇಲೆ ಕ್ಯಾಸೆಟ್ಟಿನ ಕಾಲವೇ ಮುಗಿಯಿತು. ಕೆಲವು ವರ್ಷ ಕಳೆದು ಒಮ್ಮೆ ರೈಲ್ವೆ ಗೇಟು ಬಿದ್ದು ನಿಂತಾಗ ತಲೆಯೆತ್ತಿ ನೋಡಿದೆ. ಮಾಳಿಗೆಯ ಮೇಲೆ ಮೊಬೈಲ್ ರಿಪೇರಿಯ ಬೋರ್ಡ್ ಇತ್ತು. ಪಾತ್ರೆ ಅಂಗಡಿಯವನನ್ನು ಕೇಳಿದೆ. "ಶರಣಪ್ಪ ಮಾಸ್ತರ್ ಹೋಗಿ ಎಂಟು ತಿಂಗಳಾತಲ್ರಿ, ನಿಮಗ ಗೊತ್ತಿಲ್ಲೇನು?" ಎಂದ.

ಈಗ ನನಗೆ ಐವತ್ತೊಂದು. ಕಳೆದ ವರ್ಷದ ಪಂಚಮಿಗೆ ಅಕ್ಕನನ್ನು ಕರೆಯಲು ಹೋದೆ. ಅಪ್ಪ ಅವ್ವ ಇಲ್ಲದ ಮೇಲೆ ಆಕೆಗೆ ನನ್ನ ಮನೆಯೇ ತವರು. ಬರುವಾಗ ಬಸ್ಸಿನಲ್ಲಿ, ಖಾನಾಪುರ ದಾಟಿದ ಮೇಲೆ, ಎಲ್ಲವನ್ನೂ ಹೇಳಿಬಿಟ್ಟೆ. ಕ್ಯಾಂಟೀನಿನ ಹೆದರಿಕೆ, ಆಕೆ ಒಪ್ಪಿದ್ದಾಳೆಂದು ಹೇಳಿ ಹೆಸರು ತೆಗೆಸಿದ್ದು, ಜಾಗ ಸಾಲಲಿಲ್ಲ ಎಂದದ್ದು, ಗುಡಿಯ ಕಟ್ಟೆಯ ಮುಂದೆ ಬಾಯಿ ಮುಚ್ಚಿ ನಿಂತದ್ದು.

ಅಕ್ಕ ಕಡಲೆಯ ಪೊಟ್ಟಣ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. "ಇದನ್ನ ಆ ಮಾಸ್ತರ್ ಮುಂದ ಹೇಳಿದೇನು?"

"ಇಲ್ಲಕ್ಕಾ. ಅವರು ತೀರಿಕೊಂಡ್ರು."

"ಅವರ ಮನ್ಯಾಗಿನವರ ಮುಂದ?"

"ಇಲ್ಲ."

ಆಕೆ ಕಿಟಕಿಯ ಕಡೆ ತಿರುಗಿದಳು. ಬೆಳಗಾವಿ ಬರುವವರೆಗೆ ಅತ್ತಲೇ ನೋಡಿದಳು. ಬೈಯಲಿಲ್ಲ.

ಪಂಚಮಿಯ ದಿನ ನಮ್ಮ ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದೆವು. ಮಹಾಂತೇಶ ನಗರದ ನೆರೆಹೊರೆಯವರು, ಕಚೇರಿಯ ಇಬ್ಬರು, ಅವರ ಮನೆಯವರು ಎಲ್ಲ ಸೇರಿದ್ದರು. ಈಕೆಯೇ ಕ್ಯಾಸೆಟ್ಟಿನ ಮಾಳವ್ವ ಎಂದು ಗೊತ್ತಾಗಿ ಹೆಂಗಸರು ದುಂಬಾಲು ಬಿದ್ದರು. "ಅಕ್ಕಾರ, ಒಂದ ಹಾಡು ಹೇಳ್ರಿ." ನಾನು ಈ ಸಲ ಹೆದರಲಿಲ್ಲ. ನಿಜ ಹೇಳಬೇಕೆಂದರೆ ಕಾಯುತ್ತಿದ್ದೆ. ಹರಿದ ಚಡ್ಡಿ, ಸುರಿಯುವ ಮೂಗು, ಕರಿಯಪ್ಪ ಎಲ್ಲ ಎಲ್ಲರ ಮುಂದೆ ಬರಲಿ ಎಂದು ಮರದ ಬುಡದಲ್ಲೇ ಮುಂದಾಗಿ ನಿಂತಿದ್ದೆ.

ಹತ್ತು ವರ್ಷದ ಮೇಲೆ ಅಕ್ಕ ಹಾಡಲು ಬಾಯಿ ತೆರೆದಳು. ಹಗ್ಗ ಹಿಡಿದು ಮೆಲ್ಲಗೆ ತೂಗುತ್ತ, ತವರು, ಬಳಗ, ದೇವರು ಎಂದು ಹಾಡಿ ಕೊನೆಯ ನುಡಿಗೆ ಬಂದಳು:

ಗರಗರ ತಿರುಗೂವ ಬೀಸೂವ ಕಲ್ಲಿನ ಮುಂದ
ಬರಿಗಾಲೀಲೆ ಕುಂತು ಕೇಳಿದವ, ನನ್ನಣ್ಣ
ಶರಣಪ್ಪ ಬಂದರ ಮನಿ ಬೆಳಕ

"ಶರಣಪ್ಪ ಅಂದ್ರ ಯಾರ್ರಿ? ನಿಮ್ಮ ದೊಡ್ಡಣ್ಣಾರೇನು?" ಎಂದು ಪಕ್ಕದ ಮನೆಯವರು ಕೇಳಿದರು.

"ಹೌದ್ರಿ" ಎಂದಳು ಅಕ್ಕ.

ಜೋಕಾಲಿ ಇನ್ನೂ ತೂಗುತ್ತಿತ್ತು. ಇನ್ನೊಂದು ನುಡಿ ಇರಬಹುದು ಎಂದು ನಾನು ಕಾದೆ. ಅಕ್ಕ ಎರಡೂ ಕಾಲು ನೆಲಕ್ಕೆ ಊರಿ, ಸೀರೆ ಸರಿಮಾಡಿಕೊಂಡು ಇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಗ್ಗ ಹರಿಯಲಿಲ್ಲ, ಟೊಂಗೆ ಮುರಿಯಲಿಲ್ಲ, ಯಾರೂ ನಗಲಿಲ್ಲ. ನನ್ನ ಹೆಸರು ಬರಲಿಲ್ಲ, ಅಷ್ಟೇ.